ಹೊಸ ಬಟ್ಟೆಯ ಕೌದಿ: ಮೊದಲು ಒಗೆಯಿರಿ, ಆಮೇಲೆ ಕತ್ತರಿ ಹಚ್ಚಿರಿ

ಮಾನ್ಯ ಸಂಪಾದಕರೆ,

ಚಳಿ ಶುರುವಾಗುತ್ತಿದ್ದಂತೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮೇಳಗಳಲ್ಲಿ, ಸ್ವಸಹಾಯ ಸಂಘಗಳ ಮಳಿಗೆಗಳಲ್ಲಿ ಕೌದಿ ಮಾರಾಟಕ್ಕೆ ಬರುತ್ತವೆ. ಈಗಿನ ಕೌದಿಗಳಲ್ಲಿ ಹೊಸ ಬಟ್ಟೆಯೇ ಹೆಚ್ಚು: ಟೇಲರ್ ಅಂಗಡಿಯ ಚೂರು, ಕಿಲೋ ಲೆಕ್ಕದಲ್ಲಿ ಸಿಗುವ ಕಟ್‌ಪೀಸು, ಅಸ್ತರಕ್ಕೆಂದು ಥಾನಿನಿಂದ ಹರಿಸಿ ತಂದ ಪಾಪ್ಲಿನ್ ಇಲ್ಲವೇ ಕೋರಾ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆ. ನೋಡಲು ಚೆಂದವೇ. ಆದರೆ ಮುಂದಿನ ದಸರೆಗೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವಾಗ ಆ ಕೌದಿಯೂ ಮೊದಲ ಸಲ ನೀರಿಗೆ ಬೀಳುತ್ತದೆ. ಅಂಚು ಮೇಲಕ್ಕೆ ಸುರುಳುತ್ತದೆ, ತುಂಡುಗಳ ನಡುವೆ ಗುಳ್ಳೆ ಏಳುತ್ತದೆ, ಕೆಂಪು ತುಂಡಿನ ಬಣ್ಣ ಪಕ್ಕದ ಬಿಳಿ ತುಂಡಿಗೆ ಹಿಡಿಯುತ್ತದೆ. ತಿಂಗಳುಗಟ್ಟಲೆ ಕೂತು ಹೊಲಿದ ಕೈಗೆ ಕೆಟ್ಟ ಹೆಸರು ಬರುತ್ತದೆ. ತಪ್ಪು ಹೊಲಿಗೆಯಲ್ಲಿ ಇರುವುದಿಲ್ಲ, ಹೊಲಿಗೆಗೆ ಮುಂಚಿನ ಒಂದು ದಿನದ ಕೆಲಸವನ್ನು ಬಿಟ್ಟದ್ದರಲ್ಲಿ ಇರುತ್ತದೆ. ಅದಕ್ಕೇ ಈ ಪತ್ರ.

ಹೊಸ ಬಟ್ಟೆಯನ್ನು ಒಗೆದೇ ಕತ್ತರಿ ಹಚ್ಚಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಗೆಯದೆ ಹೊಲಿಯುವುದೇ ಆದರೆ ಒಂದು ಪದರವೂ ಒಗೆದದ್ದಿರಬಾರದು. ಮೇಲಿನದು ಒಗೆದದ್ದು, ಕೆಳಗಿನದು ಒಗೆಯದ್ದು ಎಂಬ ಅರ್ಧಂಬರ್ಧ ಕೆಲಸ ಎಲ್ಲಕ್ಕಿಂತ ಕೆಟ್ಟದ್ದು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಹಳೆಯ ಪತ್ತಲ, ಧೋತರ, ಮಕ್ಕಳ ಅಂಗಿ, ಸವೆದ ದುಪ್ಪಟಿ ಇವೇ ಕೌದಿಯ ಬಟ್ಟೆ. ವರ್ಷಾನುಗಟ್ಟಲೆ ಬಂಡೆಯ ಮೇಲೆ ಒಗೆಸಿಕೊಂಡ ಆ ಬಟ್ಟೆಗಳು ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣ ಬಿಟ್ಟು, ಗಂಜಿಯೆಲ್ಲ ಕಳಕೊಂಡು ಮೆತ್ತಗಾಗಿಯೇ ಕೌದಿಗೆ ಬರುತ್ತಿದ್ದವು. ಈಗ ಬಟ್ಟೆ ನೇರ ಅಂಗಡಿಯಿಂದ ಬರುವುದರಿಂದ ಆ ಒಗೆತದ ಕೆಲಸ ಕೌದಿ ಹೊಲಿಯುವವರ ಪಾಲಿಗೆ ಬಂದಿದೆ.

ಬಟ್ಟೆ ಕುಗ್ಗುವುದು ಏಕೆಂದು ತಿಳಿದರೆ ಎಷ್ಟು ಒಗೆಯಬೇಕೆಂಬುದೂ ತಿಳಿಯುತ್ತದೆ. ಹತ್ತಿ ನೂಲನ್ನು ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೇಯ್ದ ಮೇಲೂ ಬಿಳುಪು ಮಾಡುವಾಗ, ಬಣ್ಣ ಹಾಕುವಾಗ, ಉರುಳೆಗಳ ನಡುವೆ ಹಾಯಿಸುವಾಗ ಬಟ್ಟೆ ಉದ್ದಕ್ಕೆ ಎಳೆಸಿಕೊಳ್ಳುತ್ತಲೇ ಇರುತ್ತದೆ. ಅದೇ ಬಿಗಿಯಲ್ಲಿ ಒಣಗಿ ಥಾನಾಗುತ್ತದೆ. ನೀರು ಕುಡಿದ ಕೂಡಲೆ ನೂಲು ಉಬ್ಬುತ್ತದೆ. ಉಬ್ಬಿದ ಹೊಕ್ಕಿನ (ಅಡ್ಡ) ಎಳೆಯನ್ನು ಬಳಸಿ ಹೋಗಲು ಹಾಸಿನ (ಉದ್ದ) ಎಳೆಗೆ ಹೆಚ್ಚು ಉದ್ದ ಬೇಕು. ಹಾಗಾಗಿ ಬಟ್ಟೆ ಉದ್ದದಲ್ಲಿ ಒಳಗೆ ಸರಿಯುತ್ತದೆ. ಅಗಲಕ್ಕಿಂತ ಉದ್ದ ಹೆಚ್ಚು ಕುಗ್ಗುವುದು ಇದರಿಂದಲೇ. ಸಾಮಾನ್ಯ ಪಾಪ್ಲಿನ್, ಕೇಂಬ್ರಿಕ್ ಶೇ 3ರಿಂದ 5ರಷ್ಟು ಕುಗ್ಗುತ್ತವೆ. ಸಡಿಲ ನೇಯ್ಗೆಯ ಬಟ್ಟೆ, ಖಾದಿ, ಕೋರಾ ಇನ್ನೂ ಹೆಚ್ಚು. ಕೋರಾ ಬಟ್ಟೆ ಶೇ 8ರವರೆಗೆ ಹೋದರೂ ಆಶ್ಚರ್ಯವಿಲ್ಲ. ಅಂಚಿನಲ್ಲಿ ‘ಸ್ಯಾನ್‌ಫರೈಸ್ಡ್’ ಎಂಬ ಮುದ್ರೆ ಇದ್ದರೆ ಮಿಲ್ಲಿನಲ್ಲೇ ಅದನ್ನು ಕುಗ್ಗಿಸಿರುತ್ತಾರೆ, ಶೇ 1ಕ್ಕಿಂತ ಹೆಚ್ಚು ಕುಗ್ಗದು. ಪಾಲಿಸ್ಟರ್, ಟೆರಿಕಾಟ್ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ.

5 ಅಡಿಗೆ 7 ಅಡಿಯ ಕೌದಿ ಎಂದರೆ ಉದ್ದ 84 ಇಂಚು. ಮೇಲಿನ ಪದರ ಹೊಸ ಹತ್ತಿ ಬಟ್ಟೆ, ಅಸ್ತರ ಹಳೆಯ ಸೀರೆ ಎಂದುಕೊಳ್ಳಿ. ಮೊದಲ ಒಗೆತಕ್ಕೆ ಮೇಲಿನದು ಶೇ 5 ಕುಗ್ಗಿದರೆ 4 ಇಂಚು ಹೋಯಿತು. ಕೆಳಗಿನ ಸೀರೆ ಇದ್ದಲ್ಲೇ ಇರುತ್ತದೆ. ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕಿರುವುದರಿಂದ ಆ 4 ಇಂಚಿನ ಹೆಚ್ಚುವರಿ ಸೀರೆ ಹೋಗಲು ಜಾಗವಿಲ್ಲದೆ ಸಾಲುಸಾಲಿನ ನಡುವೆ ಉಬ್ಬಿ ನಿಲ್ಲುತ್ತದೆ, ಅಂಚು ಮೇಲಕ್ಕೆ ಸುರುಳುತ್ತದೆ. ಮೇಲೆ ಹಳೆಯ ತುಂಡು, ಕೆಳಗೆ ಹೊಸ ಕೋರಾ ಇಟ್ಟರೆ ಇದೇ ಅನಾಹುತ ತಿರುಗಾಮುರುಗಾ ಆಗುತ್ತದೆ: ಮೇಲಿನ ತುಂಡುಗಳೆಲ್ಲ ಮುದುಡಿ ಕೂಡುತ್ತವೆ. ಹತ್ತಿ ತುಂಡಿನ ಪಕ್ಕಕ್ಕೆ ಟೆರಿಕಾಟ್ ತುಂಡು ಬಂದಾಗಲೂ ಹೀಗೇ. ಹತ್ತಿ ಒಳಗೆ ಎಳೆಯುತ್ತದೆ, ಟೆರಿಕಾಟ್ ಉಬ್ಬುತ್ತದೆ. ಯಾವುದು ಯಾವುದೆಂದು ಅನುಮಾನವಿದ್ದರೆ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ತಂದ ಬಟ್ಟೆ ಎಷ್ಟು ಕುಗ್ಗುತ್ತದೆಂದು ತಿಳಿಯಲು ಅಂದಾಜು ಬೇಡ, ಟೇಪು ಸಾಕು. ಉದ್ದಕ್ಕೂ ಅಗಲಕ್ಕೂ 50 ಸೆಂಟಿಮೀಟರ್ ಅಳೆದು ಬೇರೆ ಬಣ್ಣದ ದಾರದಿಂದ ಟಾಕು ಹಾಕಿ ಗುರುತು ಮಾಡಿ. ಬಿಸಿನೀರಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. ಅರ್ಧ ಸೆಂಟಿಮೀಟರ್ ಕಡಿಮೆಯಾದರೆ ಶೇ 1, ಎರಡು ಕಡಿಮೆಯಾದರೆ ಶೇ 4. ಕೊಳ್ಳುವಾಗಲೇ ಇದರ ಲೆಕ್ಕ ಹಿಡಿಯಬೇಕು. 36 ಇಂಚು ಪನ್ನದ (ಅಗಲದ) ಬಟ್ಟೆಯ ಎರಡು ಉದ್ದ ಜೋಡಿಸಿ ಅಸ್ತರ ಮಾಡುವವರಿಗೆ ಬರೀ ಲೆಕ್ಕದಲ್ಲಿ 4.3 ಮೀಟರ್ ಸಾಕು. ಕುಗ್ಗುವುದು ಶೇ 5, ಕೈಹೊಲಿಗೆ ಒಳಗೆಳೆಯುವುದು, ಅಂಚು ಮಡಿಸುವುದು ಎಲ್ಲ ಸೇರಿಸಿದರೆ ನಾಲ್ಕೂಮುಕ್ಕಾಲು ಮೀಟರ್ ಬೇಕು. ಕೋರಾ ಆದರೆ 5 ಮೀಟರೇ ತನ್ನಿ.

ಕುಗ್ಗುವುದಕ್ಕಿಂತ ಮೋಸ ಹೆಚ್ಚಿರುವುದು ಗಂಜಿಯಲ್ಲಿ. ನೇಯುವಾಗ ಹಾಸಿನ ಎಳೆ ಕಡಿಯದಿರಲೆಂದು ಗಂಜಿ ಹಾಕುವುದು ಮಗ್ಗದ ಪದ್ಧತಿ, ಎಂ.ಎಸ್.ಕೆ. ಬಟ್ಟೆ ಮಿಲ್ಲು ನಡೆದ ಕಲಬುರಗಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಗ್ಗದ ಬಟ್ಟೆಗೆ ಕೊನೆಯಲ್ಲಿ ಮತ್ತಷ್ಟು ಗಂಜಿ, ಬಿಳಿಮಣ್ಣು ತುಂಬಿ ದಪ್ಪ ಕಾಣಿಸುವಂತೆ ಮಾಡುವುದುಂಟು. ಕಿಲೋ ಲೆಕ್ಕದಲ್ಲಿ ಕೊಂಡರೆ ಆ ಮಣ್ಣಿಗೂ ನಾವೇ ದುಡ್ಡು ಕೊಟ್ಟಂತೆ. ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ, ಉಜ್ಜಿದ ಜಾಗ ಬೆಳಕಿಗೆ ಹಿಡಿದಾಗ ಜರಡಿ ಜರಡಿ ಕಂಡರೆ ಅದು ಕೌದಿಗೆ ಬೇಡವೇ ಬೇಡ. ಒಗೆದಾಗಲೇ ಬಟ್ಟೆಯ ನಿಜವಾದ ಮೈ ಕಾಣುವುದು. ಗಂಜಿ ಉಳಿದ ನಾಲ್ಕು ಪದರಕ್ಕೆ ಸೂಜಿ ಚುಚ್ಚುವುದು ಬೆರಳಿಗೆ ಶಿಕ್ಷೆ. ಟ್ರಂಕಿನಲ್ಲಿಟ್ಟ ಕೌದಿಗೆ ಬೆಳ್ಳಿಹುಳ ಹತ್ತುವುದೂ ಆ ಗಂಜಿಯ ಆಸೆಗೇ.

ಇನ್ನು ಬಣ್ಣ. ಹೆದರಬೇಕಾದದ್ದು ಕಡುಗೆಂಪು, ಕುಂಕುಮ, ಕಪ್ಪು, ನೇರಳೆ, ಕಡುನೀಲಿ, ಕಡುಹಸಿರಿಗೆ. ಎಳೆಗೆ ಅಂಟದೆ ಮೇಲ್ಮೇಲೆ ಉಳಿದ ಬಣ್ಣ ನೀರಿಗೆ ಬರುತ್ತದೆ. ನೀರಿಗೆ ಬಂದದ್ದೇ ದೊಡ್ಡ ತೊಂದರೆಯಲ್ಲ, ಪಕ್ಕದ ಬಟ್ಟೆಗೆ ಹತ್ತುತ್ತದೆಯೇ ಎಂಬುದು ಮುಖ್ಯ. ಆದ್ದರಿಂದ ಪರೀಕ್ಷೆ ಹೀಗಿರಲಿ: ಗಾಜಿನ ಲೋಟದಲ್ಲಿ ಕೈ ಸುಡುವಷ್ಟು ಬಿಸಿನೀರು, ಚಿಟಿಕೆ ಒಗೆಯುವ ಪುಡಿ, ಎರಡು ಇಂಚಿನ ಬಣ್ಣದ ತುಂಡು, ಅದರ ಜೊತೆಗೆ ಅಷ್ಟೇ ದೊಡ್ಡ ಬಿಳಿ ಹತ್ತಿ ತುಂಡು. ಅರ್ಧ ಗಂಟೆ ಬಿಡಿ. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ಹಸಿಯಾಗಿಯೇ ಒಣಗಲು ಬಿಡಿ. ಬಿಳಿ ತುಂಡು ಬಿಳಿಯಾಗಿಯೇ ಉಳಿದರೆ ಭಯವಿಲ್ಲ. ಅದಕ್ಕೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಒಂಟಿಯಾಗಿ, ಬಿಸಿನೀರು ಮತ್ತು ಒಗೆಯುವ ಪುಡಿಯಲ್ಲಿ, ಜಾಲಾಡಿದ ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಒಗೆದು ಮತ್ತೆ ಪರೀಕ್ಷಿಸಬೇಕು. ಆಗಲೂ ಹತ್ತಿದರೆ ಅದನ್ನು ಕೌದಿಯಿಂದ ಹೊರಗಿಡಿ. ಎಷ್ಟೇ ಚೆಂದದ ಬಣ್ಣವಿರಲಿ, ಇದರಲ್ಲಿ ದಾಕ್ಷಿಣ್ಯ ಬೇಡ.

ಉಪ್ಪುನೀರಲ್ಲಿ, ವಿನಿಗರ್‌ನಲ್ಲಿ, ಪಟಕದಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹತ್ತಿಯ ಮೇಲಿನ ಈಗಿನ ಮಿಲ್ಲಿನ ಬಣ್ಣಕ್ಕೆ ಇದು ನಡೆಯುವುದಿಲ್ಲ. ಬಣ್ಣ ಹಾಕುವವರು ಉಪ್ಪು ಬಳಸುವುದು ನೀರಿನಲ್ಲಿರುವ ಬಣ್ಣವನ್ನು ಬಟ್ಟೆಯ ಕಡೆಗೆ ದೂಡಲು. ಮನೆಯಲ್ಲಿ ಉಪ್ಪು ಹಾಕಿದಾಗಲೂ ಆಗುವುದು ಅಷ್ಟೇ: ಸಡಿಲ ಬಣ್ಣ ಅವತ್ತು ನೀರಿಗೆ ಬರದೆ ಬಟ್ಟೆಯಲ್ಲೇ ಕೂಡುತ್ತದೆ, ನೀರು ತಿಳಿಯಾಗಿ ಕಂಡು ನಮಗೆ ಸಮಾಧಾನವಾಗುತ್ತದೆ. ಮುಂದೆ ಉಪ್ಪಿಲ್ಲದ ನೀರಿಗೆ ಹಾಕಿದ ದಿನ ಅದೇ ಬಣ್ಣ ಹೊರಗೆ ಬರುತ್ತದೆ. ಸಡಿಲ ಬಣ್ಣವನ್ನು ಹಿಡಿದಿಡುವುದಕ್ಕಿಂತ ಹೊರಗೆ ಹಾಕುವುದೇ ಸರಿ.

ಒಂದು ಎಚ್ಚರ ಇಳಕಲ್ ಸೀರೆಯ ಬಗ್ಗೆ. ಅದರ ಮೈ ಹತ್ತಿಯದಾದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ಎಷ್ಟು ಹಳೆಯದಾದರೂ ಕೆಂಪು ಸೆರಗನ್ನು ಪರೀಕ್ಷಿಸದೆ ಬಿಡಬೇಡಿ. ತಣ್ಣೀರಲ್ಲಿ ಸುಮ್ಮನಿದ್ದ ಕೆಂಪು ಬಿಸಿನೀರಲ್ಲಿ ಬಿಡಬಹುದು. ರೇಷ್ಮೆಗೆ ಬಟ್ಟೆ ಒಗೆಯುವ ಸೋಡಾ ತಾಗಿಸಬಾರದು, ಎಳೆ ಬಿರುಸಾಗಿ ಹರಿಯುತ್ತದೆ. ಖಣದ ತುಂಡಿಗೂ ಇದೇ ಮಾತು. ಸೆರಗು, ದಡಿ, ಮೈ ಮೂರನ್ನೂ ಬೇರೆ ಮಾಡಿ, ಬೇರೆಯಾಗಿಯೇ ಒಗೆಯಿರಿ.

ನಮ್ಮ ಭಾಗದ ನೀರಿನ ಮಾತನ್ನು ಹೇಳದೆ ಒಗೆತದ ಮಾತು ಮುಗಿಯದು. ತೊಗರಿ ಬೇಳೆ ಬೇಯಿಸಲು ಸತಾಯಿಸುವ ಬೋರ್‌ವೆಲ್ ನೀರಿನಲ್ಲಿ ಸಾಬೂನೂ ನೊರೆ ಬಿಡುವುದಿಲ್ಲ. ನೀರಿನ ಸುಣ್ಣದಂಶ ಸಾಬೂನಿನ ಜೊತೆ ಸೇರಿ ಜಿಡ್ಡುಜಿಡ್ಡಾದ ಬೂದು ಗಷ್ಟಾಗಿ ಬಟ್ಟೆಗೆ ಮೆತ್ತುತ್ತದೆ. ಬಿಳಿ ಬಟ್ಟೆ ಮಂಕಾಗುವುದು, ಒಗೆದ ಬಟ್ಟೆ ಒಣಗಿದ ಮೇಲೆ ಬಿರುಸಾಗುವುದು ಇದರಿಂದ. ಆ ಗಷ್ಟು ಹಿಡಿದ ಬಟ್ಟೆಗೆ ಇಸ್ತ್ರಿ ಇಟ್ಟರೆ ಹಳದಿ ಕಲೆ. ಆದ್ದರಿಂದ ಸಾಬೂನಿನ ಬಟ್ಟಿ ಬೇಡ, ಒಗೆಯುವ ಪುಡಿ ಇರಲಿ. ಹತ್ತಿ ಬಟ್ಟೆಗಾದರೆ 15 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಮೊದಲು ಕರಗಿಸಿ, ಹತ್ತು ನಿಮಿಷ ಬಿಟ್ಟು ಆಮೇಲೆ ಪುಡಿ ಹಾಕಿ. ಮಳೆಗಾಲದಲ್ಲಿ ಮಾಳಿಗೆ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಒಗೆಯುವ ಕ್ರಮ ಹೇಳುತ್ತೇನೆ. ಮೊದಲು ಪ್ರತಿ ಬಟ್ಟೆಯ ನಾಲ್ಕು ಮೂಲೆಗಳನ್ನು ಅರ್ಧ ಇಂಚು ಓರೆಯಾಗಿ ಕತ್ತರಿಸಿ. ಎಳೆ ಬಿಚ್ಚಿಕೊಂಡು ಗೋಜಲಾಗುವುದು ಮೂಲೆಯಿಂದಲೇ ಶುರುವಾಗುವುದರಿಂದ ಇದು ಅರ್ಧ ತಾಪತ್ರಯ ತಪ್ಪಿಸುತ್ತದೆ. ಮೂಲೆ ಕತ್ತರಿಸಿದ್ದು ಒಗೆದ ಬಟ್ಟೆ, ಮೂಲೆ ಇದ್ದದ್ದು ಒಗೆಯದ್ದು ಎಂಬ ಗುರುತೂ ಆಯಿತು. ನಾಲ್ಕು ಮಂದಿ ಕೂತು ಹೊಲಿಯುವ ಸಂಘಗಳಲ್ಲಿ ಈ ಗುರುತು ಬಹಳ ಕೆಲಸಕ್ಕೆ ಬರುತ್ತದೆ. ದೊಡ್ಡ ಬಟ್ಟೆಯ ಹರಿದ ಅಂಚಿಗೆ ಮಷೀನಿನಲ್ಲಿ ಒಂದು ಜಿಗ್‌ಜಾಗ್ ಹೊಲಿಗೆ ಹಾಕಿ. ಬಿಳಿ, ತಿಳಿಬಣ್ಣ, ಕಡುಬಣ್ಣ ಎಂದು ಮೂರು ಗುಂಪು ಮಾಡಿ. ಕಿಲೋ ಬಟ್ಟೆಗೆ 15 ಲೀಟರ್‌ಗೆ ಕಡಿಮೆಯಿಲ್ಲದಷ್ಟು ನೀರಿರಲಿ. ನೀರು ಕಡಿಮೆಯಾದಷ್ಟೂ ಬಿಟ್ಟ ಬಣ್ಣ ಮತ್ತೆ ಬಟ್ಟೆಗೆ ಹತ್ತುತ್ತದೆ. ಬಿಳಿ ಮತ್ತು ಕೋರಾ ಬಟ್ಟೆಯನ್ನು ರಾತ್ರಿಯಿಡೀ ಬೆಚ್ಚಗಿನ ನೀರಲ್ಲಿ ನೆನೆಯಿಡಿ. ಬೆಳಿಗ್ಗೆ ಸ್ವಲ್ಪ ಹುಳಿ ವಾಸನೆ ಬಂದರೆ ಗಂಜಿ ಬಿಡುತ್ತಿದೆ ಎಂದೇ ಅರ್ಥ. ಬಣ್ಣದ ಬಟ್ಟೆಯನ್ನು ಮಾತ್ರ ಹಾಗೆ ನೆನೆಯಿಡಬಾರದು, ಅರ್ಧ ಗಂಟೆ ಸಾಕು.

ಕೋರಾ ಬಟ್ಟೆಯನ್ನು ಕುದಿಸಲೇಬೇಕು. ಕಿಲೋ ಬಟ್ಟೆಗೆ 15 ಲೀಟರ್ ನೀರು, ಎರಡು ದೊಡ್ಡ ಚಮಚ ಸೋಡಾ, ಸ್ವಲ್ಪ ಒಗೆಯುವ ಪುಡಿ. ಅರ್ಧದಿಂದ ಮುಕ್ಕಾಲು ಗಂಟೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಕುದಿಯುವಾಗ ಬಟ್ಟೆ ಉಬ್ಬಿ ಮೇಲೆ ಬರುತ್ತದೆ, ಕೋಲಿನಿಂದ ಒಳಗೆ ಅದುಮುತ್ತಿರಬೇಕು. ಸೋಡಾನೀರು ಕುಡಿದ ಬಟ್ಟೆ ಬಿಸಿಯಲ್ಲಿ ಗಾಳಿಗೆ ತೆರೆದುಕೊಂಡರೆ ಅಲ್ಲಿ ಎಳೆ ಬಲ ಕಳೆದುಕೊಳ್ಳುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ನೀರು ಚೆಲ್ಲಿ ಮೊದಲು ಬಿಸಿನೀರಲ್ಲಿ, ಆಮೇಲೆ ಎರಡು ಸಲ ತಣ್ಣೀರಲ್ಲಿ ಜಾಲಾಡಿ. ಒಂದೇ ಒಗೆತಕ್ಕೆ ಕೋರಾ, ಖಾದಿ ಪೂರ್ತಿ ಕುಗ್ಗುವುದಿಲ್ಲ, ಒಣಗಿಸಿ ಇನ್ನೊಮ್ಮೆ ಒಗೆಯಬೇಕು.

ತಿರುಚಿ ಹಿಂಡಬೇಡಿ, ಅದುಮಿ ನೀರು ತೆಗೆಯಿರಿ. ಕಡುಬಣ್ಣದ ಹಸಿ ಬಟ್ಟೆಗಳನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟು ಬೇರೆ ಕೆಲಸಕ್ಕೆ ಹೋದರೆ ಕೆಲಸ ಕೆಟ್ಟಂತೆ; ಬಣ್ಣ ಹತ್ತುವುದು ಹೆಚ್ಚಾಗಿ ಒಗೆಯುವಾಗಲ್ಲ, ಹಾಗೆ ಕೂತಾಗ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬಿಳಿ ಬಟ್ಟೆ ಒಡ್ಡಬಹುದು, ಬಣ್ಣದ್ದು ನೆರಳಲ್ಲೇ ಒಣಗಲಿ. ಶಹಾಬಾದ್ ಫರಸಿಯ ಅಂಗಳವಿದ್ದವರು ಕಾದ ಕಲ್ಲಿನ ಮೇಲೆ ಹಾಸಬೇಡಿ. ಅಡಿಯ ಮೈ ಬೇಗ ಒಣಗಿ ಬಟ್ಟೆ ಸೊಟ್ಟ ಮುದುಡುತ್ತದೆ, ಹಗ್ಗಕ್ಕೆ ಹಾಕಿ.

ಇನ್ನೂ ಕೊಂಚ ಹಸಿ ಇರುವಾಗಲೇ ಇಸ್ತ್ರಿ. ಹಾಸಿನ ಉದ್ದಕ್ಕೆ ಸಾಗಿಸಿ, ಓರೆಯಾಗಿ ಎಳೆಯಬೇಡಿ. ಒಗೆದ ಬಟ್ಟೆಯ ಮೂಲೆ ಸೊಟ್ಟಗಾಗಿದ್ದರೆ ಎದುರುಬದುರು ಮೂಲೆ ಹಿಡಿದು ಎಳೆದು ಸರಿಮಾಡಿ, ಒಂದು ಅಂಚನ್ನು ಹೊಕ್ಕಿನ ಎಳೆಗುಂಟ ಹರಿಯಿರಿ. ಅಲ್ಲಿಂದ ಅಳತೆ ಹಿಡಿದರೆ ತುಂಡು ನೇರ ಬರುತ್ತದೆ.

ಒಗೆಯುವುದು ಬೇಡ ಎನ್ನುವವರ ಮಾತಲ್ಲೂ ಹುರುಳಿದೆ. ಗಂಜಿ ಇದ್ದ ಬಟ್ಟೆ ನೆಟ್ಟಗೆ ನಿಲ್ಲುತ್ತದೆ, ಕತ್ತರಿಸಲು ಸುಲಭ, ಒಗೆದದ್ದು ಜಾರುತ್ತದೆ. ನಿಜ. ಅದಕ್ಕೆ ಲೀಟರ್ ನೀರಿಗೆ ಒಂದು ಚಮಚ ಸಾಬೂದಾನಿ ಬೇಯಿಸಿ ಸೋಸಿದ ತೆಳು ಗಂಜಿಯಲ್ಲಿ ಅದ್ದಿ ಇಸ್ತ್ರಿ ಮಾಡಿದರೆ ಅದೇ ನೆಟ್ಟಗಿನ ಗುಣ ಬರುತ್ತದೆ, ಕೌದಿ ಮುಗಿದ ಮೇಲೆ ಒಂದು ಒಗೆತಕ್ಕೆ ಹೋಗಿಬಿಡುತ್ತದೆ. ಚಿಕ್ಕ ಚೂರು ಒಗೆದರೆ ಎಳೆ ಎಳೆಯಾಗಿ ಹಾಳಾಗುತ್ತದೆ ಎಂಬುದೂ ನಿಜ. ಗೇಣಿಗಿಂತ ಚಿಕ್ಕ ತುಂಡುಗಳನ್ನು ದಿಂಬಿನ ಗಲೀಫಿನೊಳಗೆ ತುಂಬಿ ಬಾಯಿ ಕಟ್ಟಿ, ಉಜ್ಜದೆ ಬಿಸಿನೀರಲ್ಲಿ ಅದ್ದಿ ಅದ್ದಿ ತೆಗೆಯಿರಿ. ಅದೂ ಆಗದಷ್ಟು ಚಿಕ್ಕದಾದರೆ ನೀರು ಚಿಮುಕಿಸಿ ತೋಯಿಸಿ, ಎಳೆಯದೆ ಬಿಸಿ ಇಸ್ತ್ರಿ ಒತ್ತಿ ಒಣಗಿಸಿ. ಪೂರ್ತಿ ಕುಗ್ಗದಿದ್ದರೂ ಬಹುಪಾಲು ಆಗುತ್ತದೆ. ಮೇಲೆ, ಒಳಗೆ, ಕೆಳಗೆ ಎಲ್ಲವೂ ಒಂದೇ ಥಾನಿನ ತಿಳಿಬಣ್ಣದ ಹೊಸ ಹತ್ತಿಯಾಗಿದ್ದರೆ ಒಗೆಯದೆ ಹೊಲಿದರೂ ನಡೆದೀತು: ಎಲ್ಲ ಪದರ ಒಟ್ಟಿಗೇ ಕುಗ್ಗಿ ಮೈತುಂಬ ಸಣ್ಣ ಸುಕ್ಕು ಬೀಳುತ್ತದೆ, ಅದನ್ನು ಇಷ್ಟಪಡುವವರೂ ಇದ್ದಾರೆ. ಆಗ ಉದ್ದಕ್ಕೂ ಅಗಲಕ್ಕೂ 4 ಇಂಚು ಹೆಚ್ಚಿಗೆ ಹಿಡಿದು ಹೊಲಿಯಬೇಕು ಅಷ್ಟೇ.

ಹಳೆಯ ಬಟ್ಟೆಗೆ ಇಷ್ಟೆಲ್ಲ ಬೇಡ. ಹೆಬ್ಬೆರಳೆರಡನ್ನೂ ಇಟ್ಟು ಎಳೆದಾಗ ಪಿಸಿಯುವ ಬಟ್ಟೆ ಬಿಟ್ಟು, ಉಳಿದದ್ದನ್ನು ಬಿಸಿನೀರಲ್ಲಿ ಒಮ್ಮೆ ಒಗೆದು ಬಿಸಿಲಿಗೆ ಹಾಕಿದರಾಯಿತು. ಅರಿಶಿಣದ ಕಲೆ ಸೋಡಾ ತಾಗಿ ಕೆಂಪಾದರೆ ಗಾಬರಿ ಬೇಡ, ಬಿಸಿಲು ಅದನ್ನು ತೆಗೆಯುತ್ತದೆ. ಒಳಪದರಕ್ಕೆ ಹಳೆಯ ಉಣ್ಣೆಯ ಶಾಲು ಹಾಕುವವರು ಅದನ್ನು ಒಗೆದರೂ ನಂಬಬೇಡಿ. ಉಣ್ಣೆ ಪ್ರತಿ ಒಗೆತಕ್ಕೂ ಗಂಟುಗಟ್ಟಿ ಕುಗ್ಗುತ್ತಲೇ ಹೋಗುತ್ತದೆ.

ಕೌದಿ ತರಬೇತಿ ನಡೆಸುವವರಲ್ಲಿ ನನ್ನ ಕಳಕಳಿಯ ವಿನಂತಿ: ಬಟ್ಟೆ ಹಂಚಿದ ದಿನವೇ ಕತ್ತರಿ ಕೊಡಬೇಡಿ. ಮೊದಲ ದಿನ ಒಗೆಯುವುದು, ಬಣ್ಣದ ಪರೀಕ್ಷೆ, ಅಳತೆ ಇಷ್ಟೇ ಇರಲಿ. ಸೋಡಾ, ಒಗೆಯುವ ಪುಡಿ, ಬಿಳಿ ಪರೀಕ್ಷೆ ಬಟ್ಟೆಗಳನ್ನೂ ಸೂಜಿ ದಾರದ ಸಾಮಾನಿನ ಪಟ್ಟಿಗೇ ಸೇರಿಸಿ. ಬೆಲೆ ಕಟ್ಟುವಾಗ ಆ ದಿನದ ಕೂಲಿಯನ್ನೂ ಹಿಡಿಯಿರಿ; ಒಗೆತದ ಕೂಲಿ ಲೆಕ್ಕಕ್ಕೆ ಬರದಿರುವುದರಿಂದಲೇ ಹೆಣ್ಣುಮಕ್ಕಳು ಅದನ್ನು ಬಿಡುತ್ತಿದ್ದಾರೆ. ಮಾರುವ ಮುಂಚೆ ಕೌದಿಯನ್ನು ಒಮ್ಮೆ ಒಗೆದೇ ಮಾರಬೇಕು. ಹೊಸ ಹೊಳಪು ಸ್ವಲ್ಪ ಹೋದೀತು, ಆದರೆ ಉಳಿದ ದೋಷ ಗಿರಾಕಿಯ ಮನೆಯಲ್ಲಲ್ಲ, ನಮ್ಮ ಕಣ್ಣೆದುರೇ ಕಾಣುತ್ತದೆ. ಜೊತೆಗೆ ‘ಬಟ್ಟೆ ಒಗೆದು ಹೊಲಿದದ್ದು’ ಎಂಬ ಚೀಟಿ ಇರಲಿ.

ಕೊಳ್ಳುವವರು ಅಂಥ ಚೀಟಿ ಇಲ್ಲದ ಕೌದಿ ತಂದಿದ್ದರೆ ಮೊದಲ ಸಲ ಅದನ್ನು ಬೇರೆ ಬಟ್ಟೆಯ ಜೊತೆ ಹಾಕಬೇಡಿ, ನೆನೆಯಿಡಲೂ ಬೇಡಿ. ದೊಡ್ಡ ಡ್ರಮ್ಮಿನ ತುಂಬ ನೀರಲ್ಲಿ ಬೇಗ ಒಗೆದು, ಮಡಿಸದೆ ಹರಡಿ ಒಣಗಿಸಿ. ಬಣ್ಣ ಹತ್ತಿದ್ದು ಕಂಡರೆ ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಒಣಗಿದ ಕಲೆ ತೆಗೆಯುವುದು ಬಹಳ ಕಷ್ಟ. ಹಸಿ ಇರುವಾಗಲೇ ಕೌದಿ ಪೂರ್ತಿ ಮುಳುಗುವಷ್ಟು ಬಿಸಿನೀರು, ಒಗೆಯುವ ಪುಡಿ ಹಾಕಿ ಮುಳುಗಿಸಿ, ತಾಸಿಗೊಮ್ಮೆ ತಿರುವುತ್ತಾ, ನೀರು ಬಣ್ಣಕ್ಕೆ ತಿರುಗಿದಾಗಲೆಲ್ಲ ಚೆಲ್ಲಿ ಹೊಸ ಬಿಸಿನೀರು ತುಂಬುತ್ತಾ ಹೋಗಿ. ಹತ್ತಿದ ಬಣ್ಣದ ಬಹುಪಾಲು ಹೀಗೆ ಬಿಡುತ್ತದೆ.

ಇಂತಿ,
ಹೊಲಿಗೆ ಶಿಕ್ಷಕಿ,
ಕಲಬುರಗಿ